ವಾಸ್ಕೋ ಡ ಗಾಮನ ಬರಿದಾದ ಸಮಾಧಿ

ಪ್ರಶ್ನೆ: ಕಳೆದ ರಜೆಯಲ್ಲಿ ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚನ್ನು ನೋಡಿದೆವು. ಸುತ್ತ ಕಂಬಿ ಹಾಕಿದ ನೆಲಗಲ್ಲೊಂದನ್ನು ತೋರಿಸಿ, ಅದು ವಾಸ್ಕೋ ಡ ಗಾಮನ ಸಮಾಧಿಯೆಂದರು. ಆತನ ದೇಹ ಈಗಲೂ ಅಲ್ಲಿದೆಯೇ? ಪೋರ್ಚುಗೀಸರು ಕಟ್ಟಿದ ಚರ್ಚಾದರೂ ಗೋವಾದ ಇಗರ್ಜಿಗಳಲ್ಲಿರುವಂತಹ ಮೂರ್ತಿಗಳೂ ಚಿನ್ನದ ಲೇಪದ ಕೆತ್ತನೆಗಳೂ ಅಲ್ಲಿಲ್ಲವೇಕೆ?

ಉತ್ತರ: ದೇಹ ಅಲ್ಲಿಲ್ಲ. ವೈಸರಾಯ್ ಆಗಿ ಮೂರನೆಯ ಬಾರಿ ಭಾರತಕ್ಕೆ ಬಂದ ಗಾಮ, ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳಲ್ಲಿ, 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿಯೇ ತೀರಿಕೊಂಡಾಗ ಅವನನ್ನು ಈ ಚರ್ಚಿನಲ್ಲಿ ಹೂಳಿದ್ದು ನಿಜ. ಆದರೆ 1539ರಲ್ಲಿ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಒಯ್ಯಲಾಯಿತು. ನೀವು ನೋಡಿದ್ದು ಹದಿನೈದು ವರ್ಷಗಳ ತಂಗುದಾಣವನ್ನು.

ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಸ್ವಾರಸ್ಯವೆನಿಸಿತು. 1503ರಲ್ಲಿ ಕೊಚ್ಚಿಯ ರಾಜನ ಒಪ್ಪಿಗೆಯಿಂದ ಕೋಟೆ ಕಟ್ಟಿದ ಪೋರ್ಚುಗೀಸರು ಅದರೊಳಗೆ ಮರದ ಚರ್ಚೊಂದನ್ನು ನಿಲ್ಲಿಸಿದರು. ಅದರ ಜಾಗದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಎಬ್ಬಿಸಿದ ಗಟ್ಟಿ ಕಟ್ಟಡ 1516ರಲ್ಲಿ ಪೂರ್ಣಗೊಂಡು ಸಂತ ಅಂತೋಣಿಗೆ ಅರ್ಪಿತವಾಯಿತು. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಪ್ರಾಟೆಸ್ಟೆಂಟರು. ಕ್ಯಾಥೊಲಿಕರ ಇತರ ಹಲವು ಚರ್ಚುಗಳನ್ನು ಕೆಡವಿದ ಅವರು ಇದೊಂದನ್ನು ತಮ್ಮ ಆರಾಧನೆಗೆ ಉಳಿಸಿಕೊಂಡರು. ಆದರೆ ಮೂರ್ತಿಗಳಿಗೂ ವೈಭವದ ಬಲಿಪೀಠಕ್ಕೂ ಅವರ ಪಂಥದಲ್ಲಿ ಎಡೆಯಿರಲಿಲ್ಲವಾದ್ದರಿಂದ ಒಳಭಾಗವನ್ನು ಬರಿದುಮಾಡಿದರು. ನಿಮಗೆ ಬೋಳಾಗಿ ಕಂಡ ಗೋಡೆಗಳು, ನನ್ನ ದೃಷ್ಟಿಯಲ್ಲಿ, ಈ ಚರ್ಚಿನ ಅತ್ಯಂತ ಸ್ಪಷ್ಟವಾದ ಶಾಸನ. 1795ರಲ್ಲಿ ಊರು ಬ್ರಿಟಿಷರ ಪಾಲಾಯಿತು. ಮುಂದೆ ಚರ್ಚು ಆಂಗ್ಲಿಕನ್ನರ (ಇಂಗ್ಲೆಂಡಿನ ಚರ್ಚಿಗೆ ಸೇರಿದವರ) ಕೈಸೇರಿ, ಸಂತ ಫ್ರಾನ್ಸಿಸರ ಹೆಸರು ಪಡೆದದ್ದು ಅವರ ಕಾಲದಲ್ಲಿ.

ಮತ್ತೊಮ್ಮೆ ಹೋದರೆ ಗಾಮನ ಕಲ್ಲಿನ ಮುಂದೆ ನಿಲ್ಲುವ ಹೊತ್ತಿನಲ್ಲಿ ಅರ್ಧವನ್ನು ಗೋಡೆಗಳಿಗೆ ಕೊಡಿ. ಹಿಂದೆ ನೆಲದಲ್ಲಿದ್ದ ಸಮಾಧಿಕಲ್ಲುಗಳನ್ನು 1886ರಲ್ಲಿ ಎಬ್ಬಿಸಿ ಗೋಡೆಗಳಿಗೆ ಕೂಡಿಸಲಾಗಿದೆ: ಉತ್ತರದ ಗೋಡೆಯಲ್ಲಿ ಪೋರ್ಚುಗೀಸರವು, ದಕ್ಷಿಣದಲ್ಲಿ ಡಚ್ಚರವು. ಬದುಕಿದ್ದಾಗ ಒಂದೇ ಊರಿಗಾಗಿ ಕಾದಾಡಿದ ಎರಡು ರಾಷ್ಟ್ರಗಳವರು ಹೀಗೆ ಎದುರುಬದುರಾಗಿ ನಿಂತಿರುವುದನ್ನು ಬೇರೆಲ್ಲೂ ನಾನು ಕಂಡಿಲ್ಲ. ತಲೆಯೆತ್ತಿದರೆ ಬಟ್ಟೆಯ ಪಂಖಾಗಳು ತೂಗುತ್ತಿರುತ್ತವೆ. ಆರಾಧನೆ ನಡೆಯುವಾಗ ಹೊರಗೆ ಕುಳಿತ ಆಳುಗಳು ಹಗ್ಗವೆಳೆದು ಒಳಗಿನವರಿಗೆ ಗಾಳಿ ಬೀಸುತ್ತಿದ್ದರು.

1923ರಿಂದ ಇದು ಸಂರಕ್ಷಿತ ಸ್ಮಾರಕವಾದರೂ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ. ಎಂಬ ಪ್ರಾಟೆಸ್ಟೆಂಟ್ ಪಂಗಡದ) ಆರಾಧನೆ ಇಲ್ಲಿ ಇಂದಿಗೂ ನಡೆಯುತ್ತದೆ. ಆದ್ದರಿಂದ ಭಾನುವಾರದ ಬೆಳಗನ್ನು ಭಕ್ತರಿಗೆ ಬಿಟ್ಟು ಬೇರೆ ದಿನ ಹೋಗುವುದು ಒಳ್ಳೆಯದು. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಸಾಂತಾ ಕ್ರೂಜ್ ಬೆಸಿಲಿಕಾ ಇದೆ. ಅಲ್ಲಿದ್ದ ಹಳೆಯ ಪೋರ್ಚುಗೀಸ್ ಚರ್ಚನ್ನು ಡಚ್ಚರು ಆಯುಧಗಳ ಉಗ್ರಾಣವಾಗಿ ಬಳಸಿದರು, ಬ್ರಿಟಿಷರು ಕೆಡವಿದರು. ಅದರ ಒಂದು ಕಂಬವನ್ನು ಈಗಿನ ಬೆಸಿಲಿಕಾದ ಆವರಣದಲ್ಲಿ ಇರಿಸಿದ್ದಾರೆ. ಸಂತ ಫ್ರಾನ್ಸಿಸ್ ಚರ್ಚು ಯಾವುದರಿಂದ ಪಾರಾಯಿತೆಂಬುದನ್ನು ತಿಳಿಯಲು ಆ ಕಂಬವನ್ನೂ ನೋಡಿ ಬನ್ನಿ.