ಹಳೆ ಕಾರಿನ ಎಸಿ ಕಂಡೆನ್ಸರ್ (ಎಸಿಯ ಬಿಸಿ ಗ್ಯಾಸನ್ನು ತಣಿಸುವ ಭಾಗ) ಲೀಕ್ ಆಗಿದೆ, ಅದೊಂದನ್ನೇ ಬದಲಿಸಿದರೆ ಸಾಕಾ?

ಅದೊಂದೇ ಸಾಲದು. ಜೊತೆಗೆ ರಿಸೀವರ್ ಡ್ರೈಯರ್ ಮತ್ತು ಜಾಯಿಂಟುಗಳ ಓ-ರಿಂಗ್‌ಗಳನ್ನೂ (ರಬ್ಬರ್ ಉಂಗುರಗಳು) ಹೊಸದು ಹಾಕಿಸಿ. ಡ್ರೈಯರ್ ಒಳಗೆ ತೇವ ಹೀರುವ ಕಾಳುಗಳಿರುತ್ತವೆ, ಲೀಕ್ ಆಗಿ ಗ್ಯಾಸ್ ಹೋದ ಮೇಲೆ ಹೊರಗಿನ ಗಾಳಿಯ ತೇವವನ್ನೆಲ್ಲ ಅವು ಹೀರಿಕೊಂಡು ಬಿಟ್ಟಿರುತ್ತವೆ. ಕೆಲವು ಕಾರುಗಳಲ್ಲಿ ಡ್ರೈಯರ್ ಕಂಡೆನ್ಸರ್ ಜೊತೆಗೇ ಬರುತ್ತದೆ, ಕೇಳಿ ನೋಡಿ.

ಕಂಡೆನ್ಸರ್ ಇರುವುದು ರೇಡಿಯೇಟರ್ ಮುಂದೆ. ಕಲ್ಲು, ಕೆಸರು ಮೊದಲು ಬಡಿಯುವುದು ಅದಕ್ಕೇ, ಕರಾವಳಿಯಲ್ಲಾದರೆ ಉಪ್ಪುಗಾಳಿಗೆ ತುಕ್ಕೂ ಬೇಗ ಹಿಡಿಯುತ್ತದೆ. ಗ್ಯಾಸ್ ಜೊತೆ ಎಸಿ ಎಣ್ಣೆಯೂ ಓಡುವುದರಿಂದ ಲೀಕ್ ಆದ ಜಾಗದಲ್ಲಿ ಸಾಮಾನ್ಯವಾಗಿ ಎಣ್ಣೆ ಜಿಡ್ಡು ಕಾಣುತ್ತದೆ. ಅದನ್ನು ನಿಮ್ಮ ಕಣ್ಣಿಗೆ ತೋರಿಸಲು ಹೇಳಿ, ಸುಮ್ನೆ ಒಪ್ಪಬೇಡಿ.

ಜಾಸ್ತಿ ಜನ ಎಡವುವುದು ವ್ಯಾಕ್ಯೂಮ್, ಅಂದರೆ ಎಸಿ ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರಗೆಳೆಯುವ ವಿಷಯದಲ್ಲಿ. ಗ್ಯಾಸ್ ತುಂಬುವ ಮೊದಲು ಕನಿಷ್ಠ ಅರ್ಧ ಗಂಟೆ ಪಂಪ್ ಓಡಿಸಿ, ನಿಲ್ಲಿಸಿ, ಗೇಜಿನ ಮುಳ್ಳು ಅಲ್ಲೇ ನಿಲ್ಲುತ್ತದಾ ನೋಡಬೇಕು. ಹತ್ತು ನಿಮಿಷದಲ್ಲಿ ಮುಗಿಸಿದರೆ ಒಳಗಿನ ತೇವ ಉಳಿಯುತ್ತದೆ, ಆಮೇಲೆ ಆ ತೇವವೇ ಕಂಪ್ರೆಸರನ್ನು (ಗ್ಯಾಸನ್ನು ಒತ್ತಿ ಓಡಿಸುವ ಭಾಗ) ಕೆಡಿಸುತ್ತದೆ, ಆ ಖರ್ಚು ಇದಕ್ಕಿಂತ ಎಷ್ಟೋ ದೊಡ್ಡದು ಅಲ್ವಾ?

ಗ್ಯಾಸನ್ನು ತೂಕ ನೋಡಿಯೇ ತುಂಬಿಸಿ, ಎಷ್ಟು ಗ್ರಾಂ ಎಂದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. 2000ದ ನಂತರದ ಹಳೆ ಕಾರುಗಳಲ್ಲಿ ಹೆಚ್ಚಾಗಿ ಆರ್-134ಎ ಎಂಬ ಗ್ಯಾಸ್ ಇರುತ್ತದೆ. ಹಳೆ ಕಂಡೆನ್ಸರ್‌ನಲ್ಲಿ ಉಳಿದು ಹೋದ ಎಣ್ಣೆಯಷ್ಟನ್ನು ಹೊಸದಾಗಿ ಹಾಕಲೇಬೇಕು.

ಕಂಪ್ರೆಸರ್ ಮೊದಲೇ ಸವೆದು ಲೋಹದ ಚೂರು ಬಿಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಅದನ್ನು ಸರಿಮಾಡದೆ ಹೊಸ ಕಂಡೆನ್ಸರ್ ಹಾಕಬೇಡಿ, ಅದರ ಸಣ್ಣ ನಾಳಗಳು ಆ ಚೂರುಗಳಿಂದ ಕಟ್ಟಿಕೊಳ್ಳುತ್ತವೆ.