ಚೆಸ್ ಎಂಡ್‌ಗೇಮ್‌ಗೆ (ಆಟದ ಕೊನೆಯ ಹಂತಕ್ಕೆ) ಯಾವ ಪುಸ್ತಕ?

ಪ್ರಶ್ನೆ: ಮಗನ ಚೆಸ್ ರೇಟಿಂಗ್ 1450. ಕೊನೆಗೆ ಆನೆ-ಸೈನಿಕ ಉಳಿದರೆ ಪರದಾಡುತ್ತಾನೆ. ಚೆಸ್ ತರಬೇತುದಾರ ದ್ವೊರೆಟ್ಸ್ಕಿ ಅವರ ಎಂಡ್‌ಗೇಮ್ ಪುಸ್ತಕ ಕೊಡಿಸಲೇ?
– ಓದುಗರೊಬ್ಬರು, ಹಾಸನ

ಉತ್ತರ: ಈಗಲೇ ಬೇಡ. ಅದು ಮಾಸ್ಟರ್‌ಗಳೂ ಬೆವರುವ ಪುಸ್ತಕ. ಸುಮ್ನೆ ಕಪಾಟು ಸೇರುತ್ತದೆ. ಜೆರೆಮಿ ಸಿಲ್ಮನ್ ಅವರ ‘ಕಂಪ್ಲೀಟ್ ಎಂಡ್‌ಗೇಮ್ ಕೋರ್ಸ್’ ಕೊಡಿಸಿ. ಅಧ್ಯಾಯಗಳು ರೇಟಿಂಗ್ ಪ್ರಕಾರ ಇವೆ, ಅವನ ಮಟ್ಟದವರೆಗೆ ಓದಿದರೆ ಸಾಕು.

ನಾನು ಮಕ್ಕಳಿಗೆ ಮೊದಲು ಹೇಳಿಕೊಡುವುದು ಆನೆ-ಸೈನಿಕ ಆಟದ ಎರಡೇ ಪ್ರಸಿದ್ಧ ಸ್ಥಿತಿಗಳು: ಸೈನಿಕ ಇರುವವರು ಗೆಲ್ಲಲು ಲುಸೆನಾ, ಬರೀ ಆನೆ ಇರುವವರು ಡ್ರಾ ಮಾಡಲು ಫಿಲಿಡೋರ್. ಫಿಲಿಡೋರ್‌ನಲ್ಲಿ ನಮ್ಮ ಆನೆ ನಮ್ಮ ಮೂರನೇ ಸಾಲು ಕಾಯುತ್ತದೆ. ಎದುರಾಳಿಯ ಸೈನಿಕ ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆ ಬೋರ್ಡಿನ ಆ ತುದಿಗೆ ಓಡಿ, ಹಿಂದಿನಿಂದ ಚೆಕ್ ಕೊಡುತ್ತಿರಬೇಕು. ಅವರ ರಾಜನಿಗೆ ಅಡಗಲು ಜಾಗವೇ ಇರುವುದಿಲ್ಲ! ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಇವೆರಡನ್ನೂ ಉಚಿತವಾಗಿ ಅಭ್ಯಾಸ ಮಾಡಬಹುದು. ಪುಸ್ತಕ ಬರುವವರೆಗೆ ಅದೇ ಆಗಲಿ.