ಮನೆಯೊಳಗಿನ ಕೋಳಿಗಳಿಗೆ ಹಿಕ್ಕೆಯ ಜಾಗ ರೂಢಿಸುವುದು

ತೀರ್ಥಹಳ್ಳಿಯ ಮಳೆಗಾಲ ಮುಗಿಯುವವರೆಗೆ ಎರಡು ನಾಟಿ ಹೇಂಟೆಗಳನ್ನು ಮನೆಯೊಳಗೇ ಇರಿಸಿಕೊಂಡರೆ, ಅವು ಒಂದೇ ಜಾಗದಲ್ಲಿ ಹಿಕ್ಕೆ ಹಾಕುವಂತೆ ಪಳಗಿಸಬಹುದೇ ಎಂದು ಕೇಳಿದ್ದೀರಿ. ಬೆಕ್ಕಿಗೆ ಕಲಿಸುವಷ್ಟು ಖಚಿತವಾಗಿ ಸಾಧ್ಯವಿಲ್ಲ, ಏಕೆಂದರೆ ಕೋಳಿಯು ಹಗಲೆಲ್ಲ ಮೇಯುತ್ತಾ, ಮೇದಂತೆಲ್ಲ ಹಿಕ್ಕೆ ಹಾಕುತ್ತಾ ಇರುವ ಪ್ರಾಣಿ. ಆದರೆ ಅದಕ್ಕೆ ತಡೆದುಕೊಳ್ಳುವ ಶಕ್ತಿಯೇ ಇಲ್ಲವೆಂದಲ್ಲ. ಕಾವಿಗೆ ಕುಳಿತ ಹೇಂಟೆ ಗೂಡನ್ನು ಕೆಡಿಸದೆ, ಮೇಯಲು ಹೊರಬಂದಾಗ ಒಮ್ಮೆಗೇ ದೊಡ್ಡ ಹಿಕ್ಕೆ ಹಾಕುವುದನ್ನು ಹಳ್ಳಿಯವರೆಲ್ಲ ಬಲ್ಲರು.

ಈ ಗುಣವನ್ನೇ ಬಳಸಿಕೊಳ್ಳಿ. ರಾತ್ರಿ ಕೂರಲು ಒಂದು ಬಿದಿರಿನ ಅಡ್ಡಗೋಲನ್ನು ಕಟ್ಟಿ, ಅದರ ಕೆಳಗೆ ಭತ್ತದ ಉಮಿ ಹರಡಿದ ಅಗಲವಾದ ತಟ್ಟೆಯನ್ನಿಡಿ. ಬೆಳಿಗ್ಗೆ ಎದ್ದ ಮೇಲೆ ಮತ್ತು ಮೇವು ತಿಂದ ಮೇಲೆ ಅವುಗಳನ್ನು ಅಲ್ಲಿಯೇ ತಡೆದು, ಹಿಕ್ಕೆ ಹಾಕಿದ ಕೂಡಲೇ ನಾಲ್ಕು ಕಾಳು ಅಕ್ಕಿ ಕೊಟ್ಟು ಜಗಲಿಗೆ ಬಿಡಿ. ಕೊಡುವುದು ತಡವಾದರೆ ಯಾವುದಕ್ಕಾಗಿ ಸಿಕ್ಕಿತೆಂಬುದು ಅವುಗಳಿಗೆ ತಿಳಿಯದು. ಬೇರೆ ಕಡೆ ಹಾಕಿದಾಗ ದಯವಿಟ್ಟು ಗದರಿಸಬೇಡಿ. ಹೆದರಿದ ಕೋಳಿ ಇನ್ನಷ್ಟು ಹಿಕ್ಕೆ ಹಾಕುತ್ತದೆ.

ನನಗೆ ಹೆಚ್ಚು ಚಿಂತೆಯಿರುವುದು ನಮ್ಮ ಮಲೆನಾಡಿನ ಥಂಡಿಯ ಬಗ್ಗೆ. ಒದ್ದೆಯಾದ ಉಮಿಯಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಸೂಕ್ಷ್ಮಜೀವಿಯ ಮೊಟ್ಟೆಗಳು ಬಲಿಯುತ್ತವೆ, ಹಿಕ್ಕೆಯಿಂದೇಳುವ ಅಮೋನಿಯಾ ಕೋಳಿಗಳ ಕಣ್ಣು ಮತ್ತು ಶ್ವಾಸಕೋಶಗಳನ್ನು ಕೆಡಿಸುತ್ತದೆ. ಆದ್ದರಿಂದ ತಟ್ಟೆಯನ್ನು ದಿನವೂ ಬದಲಿಸಿ, ಗಾಳಿಯಾಡಲು ಕಿಟಕಿಯನ್ನು ತೆರೆದಿಡಿ, ಒಂದು ಬುಟ್ಟಿಯಲ್ಲಿ ಒಣಮಣ್ಣನ್ನು ಧೂಳುಸ್ನಾನಕ್ಕೆ ಒದಗಿಸಿ. ಹಿಕ್ಕೆಯಲ್ಲಿ ಮನುಷ್ಯರಿಗೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಅಡುಗೆಮನೆಯೊಳಗೆ ಮಾತ್ರ ಅವುಗಳನ್ನು ಬಿಡಲೇಬಾರದು.